ಮಧ್ಯಾಹ್ನದ ಜೊಂಪಿನಲ್ಲಿ ಹೊಳೆದ ಕೀಗಳು

ಜೊಂಪು ಮುಗಿದು ದೀಪ ಹತ್ತಿದ ಕೂಡಲೇ ಬಾವ್‌ಜೂ ಅಕ್ಕ ಚೀರಿದಳು.

ಗೊಂಬೆಯಾಟದ ಧಾರಾವಾಹಿ ತೆಗೆಯುವ ಸ್ಟುಡಿಯೋ ಅದು. ಊಟವಾದ ಮೇಲೆ ದೀಪ ಆರಿಸಿ ಎಲ್ಲರೂ ಮಲಗುತ್ತಾರೆ. ತೈವಾನಿನಲ್ಲಿ ಆ ಹೊತ್ತಿಗೆ ಫೋನ್ ಮಾಡುವವನು ಹಿಂದಿನ ಜನ್ಮದ ಶತ್ರುವೇ ಸರಿ. ಕೆಲವರು ಮೇಜಿನ ಮೇಲೆ ತಲೆಯಿಟ್ಟರೆ ಕೆಲವರು ಚಾಪೆ ಹಾಸುತ್ತಾರೆ. ಗೋಡೆಗೆ ತೂಗುಹಾಕಿದ ಗೊಂಬೆಗಳು ಮಾತ್ರ ಕಣ್ಣು ಬಿಟ್ಟುಕೊಂಡು ಕತ್ತಲಲ್ಲಿ ಮೆಲ್ಲಗೆ ತೂಗುತ್ತಿರುತ್ತವೆ.

ಅಕ್ಕ ಎದ್ದು ತನ್ನ ಲ್ಯಾಪ್‌ಟಾಪ್ ತೆರೆದಿದ್ದಳು. ಪರದೆಯ ತುಂಬ ಅಭಿಮಾನಿಗಳ ಚರ್ಚಾಪುಟ. ಅದರಲ್ಲಿ ಆಗತಾನೇ ಹಾಕಿದ ನಾಲ್ಕು ಸಾಲು: 'ಕೊನೆಯ ಕಂತಿನಲ್ಲಿ ಇಬ್ಬನಿ ಸಾಯುತ್ತಾನೆ. ಒಡಹುಟ್ಟಿದ ತಮ್ಮನೇ ಕೊಲ್ಲುತ್ತಾನೆ. ಇದನ್ನು ತಡೆಯಿರಿ. ಸ್ಟುಡಿಯೋಗೆ ಬರೆಯಿರಿ.'

ಇಬ್ಬನಿ ಎಂದರೆ ಆ ಧಾರಾವಾಹಿಯ ಖಡ್ಗವೀರ. ಒಳಗೆ ಕೈ ತೂರಿಸಿ ಆಡಿಸುವ ಮೊಳದುದ್ದದ ಮರದ ಗೊಂಬೆ. ಅವನಿಗಾಗಿ ಊರೂರೇ ಊಟ ಬಿಟ್ಟು ಟಿವಿ ಮುಂದೆ ಕೂರುತ್ತಿತ್ತು. ಅವನ ಸಾವಿನ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೇ. ಕಥೆ ಹೇಳುವ ಲ್ಯಾವ್ ಗುರುಗಳಿಗೆ, ಅದನ್ನು ಟೈಪ್ ಮಾಡುವ ಬಾವ್‌ಜೂ ಅಕ್ಕನಿಗೆ.

"ಸಂಜೆಯೊಳಗೆ ನಿನ್ನ ಸಾಮಾನು ಕಟ್ಕೊ," ಎಂದರಂತೆ ಗುರುಗಳು. ಅವಳ ಮುಖವನ್ನೂ ನೋಡಲಿಲ್ಲವಂತೆ.

*

ನಮ್ಮ ಠಾಣೆಗೆ ಗುರುಗಳ ದೂರು ಬಂದಾಗ ನಾನೂ ಒಂದು ಕಣ್ಣು ಮುಚ್ಚಿದ್ದೆ. ಇನ್ಸ್‌ಪೆಕ್ಟರ್ ಯಾಲಿಂಗ್ ಮೇಡಂ ನನ್ನ ಕುರ್ಚಿಗೆ ಒದ್ದರು.

"ಏಳಯ್ಯಾ ಕುಂಭಕರ್ಣ. ಗಾಡಿ ತೆಗಿ."

ಸ್ಟುಡಿಯೋದಲ್ಲಿ ಅಗರಬತ್ತಿಯ ಹೊಗೆ ಇನ್ನೂ ಮಂಜಿನಂತೆ ನಿಂತಿತ್ತು. ಅರ್ಧ ನಿದ್ದೆಯಲ್ಲಿದ್ದ ಜನ, ಪೂರಾ ಎಚ್ಚರವಿದ್ದ ಗೊಂಬೆಗಳು. ನನಗಂತೂ ಇದು ಠಾಣೆಯಲ್ಲೇ ಕಾಣುತ್ತಿರುವ ಕನಸೇನೋ ಅನ್ನಿಸಿತು.

ಬಾವ್‌ಜೂ ಅಕ್ಕ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಅರವತ್ತರ ಹತ್ತಿರದ ಹೆಂಗಸು.

"ಪಾಸ್‌ವರ್ಡ್ ಇಟ್ಟಿರಲಿಲ್ವಾ?" ಮೇಡಂ ಕೇಳಿದರು.

"ಮನೇಲಿ ಯಾರಾದ್ರೂ ಅಡುಗೆಮನೆಗೆ ಬೀಗ ಹಾಕ್ತಾರಾ ಮೇಡಂ? ಇವರೆಲ್ಲ ನನ್ನವರು ಅಂದ್ಕೊಂಡಿದ್ದೆ."

"ಇದನ್ನ ಬೇರೆ ಯಾರಾದ್ರೂ ಮುಟ್ತಾರಾ?"

ಉತ್ತರ ಕೊಟ್ಟವಳು ಪ್ರಚಾರ ನೋಡಿಕೊಳ್ಳುವ ಪೈಜುನ್. "ಅಯ್ಯೋ, ಮುಟ್ಟೋದಾ! ಕೈ ತೊಳ್ಕೊಂಡು ಬನ್ನಿ ಅಂತ ಓಡಿಸ್ತಾಳೆ. ಜಿಡ್ಡು ಕೂತು ಕೀ ಹೊಳೆಯುತ್ತಂತೆ. ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಹಿಂಡಿ ಒರೆಸ್ತಾಳೆ, ದೇವರ ಮೂರ್ತಿ ಥರ."

ಪೈಜುನ್‌ಳ ಮೇಜಿನ ಮೇಲೆ ಕರಿದ ಕೋಳಿಯ ಪೊಟ್ಟಣ ಬಿಚ್ಚಿಕೊಂಡು ಬಿದ್ದಿತ್ತು. ಅವಳ ಬೆರಳುಗಳು ಮಿರಮಿರ ಹೊಳೆಯುತ್ತಿದ್ದವು. ಧಾರಾವಾಹಿಯ ಬಗ್ಗೆ ಗದ್ದಲವೆದ್ದರೆ ಲಾಭ ಆಗುವುದೂ ಅವಳಿಗೇ. ನಾನು ಮೇಡಂಗೆ ಕಣ್ಸನ್ನೆ ಮಾಡಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಲ್ಯಾಪ್‌ಟಾಪನ್ನು ಎತ್ತಿ ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದಿದ್ದರು.

"ಅಕ್ಕಾ, ಇಷ್ಟು ಜೋಪಾನ ಮಾಡಿದ್ರೂ ಕೆಲವು ಕೀ ಹೊಳೀತಿವೆಯಲ್ಲ?"

"ಅದು ಸವೆದ ಹೊಳಪು ಮೇಡಂ. ವರ್ಷಗಟ್ಟಲೆ ಬೆರಳು ಉಜ್ಜಿ ನುಣ್ಣಗಾಗಿದೆ. ಅದನ್ನ ಒರೆಸಿದ್ರೂ ಹೋಗಲ್ಲ. ಕೀನೇ ಬದಲಾಯಿಸಬೇಕು." ಅಕ್ಕ ಕಣ್ಣೊರೆಸಿಕೊಂಡಳು. "ಸೂರ್ಯ, ಮನುಷ್ಯ, ಬಾಯಿ. ನನ್ನ ಬೆರಳು ಹೆಚ್ಚು ಓಡಾಡೋದು ಅಲ್ಲೇ."

ನಮ್ಮಲ್ಲಿ ಚೀನೀ ಅಕ್ಷರ ಟೈಪ್ ಮಾಡಲು ಎರಡು ದಾರಿ. ಪ್ರತಿ ಕೀ ಮೇಲೂ ಎರಡರ ಗುರುತೂ ಅಚ್ಚಾಗಿರುತ್ತದೆ. ನನ್ನಂಥವರು ಮಾತಿನ ಸದ್ದನ್ನು ಒತ್ತುತ್ತೇವೆ; ದನಿಯ ಏರಿಳಿತ ಬದಲಾದರೆ ಅರ್ಥವೇ ಬದಲಾಗುವ ಭಾಷೆ ನಮ್ಮದು. ಹಳೆಯ ಟೈಪಿಂಗ್ ಶಾಲೆಯಲ್ಲಿ ಕಲಿತವರು ಅಕ್ಷರದ ಆಕಾರ ಕಟ್ಟುತ್ತಾರೆ. ಸೂರ್ಯ, ಚಂದ್ರ, ಮರ, ನೀರು ಎಂಬ ತುಂಡುಗಳನ್ನು ಒಂದೊಂದೇ ಜೋಡಿಸುತ್ತಾರೆ. ಆ ಸ್ಟುಡಿಯೋದಲ್ಲಿ ಹಾಗೆ ಕಟ್ಟುತ್ತಿದ್ದವಳು ಬಾವ್‌ಜೂ ಅಕ್ಕ ಒಬ್ಬಳೇ.

"ಮೇಲಿನ ಸಾಲಿನ ಅಂಕಿಗಳು?"

"ನಾನು ಅವನ್ನ ಮುಟ್ಟೋದೇ ಅಪರೂಪ."

ಮೇಡಂ ಬಿಳಿ ಕರವಸ್ತ್ರ ತೆಗೆದು ತುದಿ ಒದ್ದೆ ಮಾಡಿಕೊಂಡರು.

*

ಎಲ್ಲರನ್ನೂ ಗೊಂಬೆಗೋಡೆಯ ಮುಂದೆ ಕೂರಿಸಿದರು. ಗುರುಗಳು ಕೈಕೋಲಿನ ಮೇಲೆ ಗಲ್ಲವಿಟ್ಟಿದ್ದರು. ಪಕ್ಕದಲ್ಲಿ ಆಕುನ್. ಇಬ್ಬನಿಯನ್ನು ಆಡಿಸುವವನು ಅವನೇ. ಮಲಗುವ ಚಾಪೆಯನ್ನೂ ಬಿಟ್ಟೇಳದೆ ಇಬ್ಬನಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ.

"ನೋಡಿ," ಎಂದರು ಮೇಡಂ. "ಸೂರ್ಯನ ಕೀ ಒರೆಸ್ತೀನಿ. ಹೊಳಪು ಹೋಗಲ್ಲ, ಬಟ್ಟೆಗೂ ಏನೂ ಹತ್ತಲ್ಲ. ಇದು ಅಕ್ಕನ ಸವೆತ. ಈಗ ಮೂರು, ನಾಲ್ಕು, ಆರು. ಇವೂ ಹೊಳೀತಿವೆ. ಒರೆಸ್ತೀನಿ."

ಹೊಳಪು ಹೋಯಿತು. ಕೀಗಳು ಹೊಸವುಗಳಂತೆ ಒರಟಾಗಿ ಕಂಡವು.

"ಇದು ಸವೆತ ಅಲ್ಲ, ಜಿಡ್ಡು. ಅಕ್ಕ ಬೆಳಿಗ್ಗೆ ಒರೆಸಿದ ಮೇಲೆ ಹತ್ತಿದ್ದು. ಸದ್ದಿನಿಂದ ಟೈಪ್ ಮಾಡೋರು ದನಿ ಏರಿತೋ ಇಳೀತೋ ಅಂತ ತಿಳಿಸೋಕೆ ಈ ಅಂಕಿಗಳನ್ನ ಒತ್ತಲೇಬೇಕು. ಆಕಾರ ಕಟ್ಟೋ ಅಕ್ಕನಿಗೆ ಇವುಗಳ ಗೊಡವೆಯೇ ಇಲ್ಲ. ಆ ನಾಲ್ಕು ಸಾಲು ಬರೆದದ್ದು ಬಾವ್‌ಜೂ ಅಕ್ಕ ಅಲ್ಲ."

ಗುರುಗಳ ಗಲ್ಲ ಕೋಲಿನಿಂದ ಮೇಲೆದ್ದಿತು.

ನಾನು ತಡೆಯಲಾರದೆ ಪೈಜುನ್ ಕಡೆ ಬೆರಳು ಮಾಡಿದೆ. "ಮೇಡಂ, ಕೋಳಿ!"

"ನಾನ್ಯಾಕೆ ಮಾಡ್ಲಿ!" ಪೈಜುನ್ ಜಿಗಿದು ನಿಂತಳು. "ತಿಂದೋರೆಲ್ಲ ಕಳ್ಳರಾದ್ರೆ ಮೊದಲು ನಿನ್ನ ಹೊಟ್ಟೆ ಹಿಡ್ಕೊಂಡು ಹೋಗ್ಬೇಕು!"

ಮೇಡಂ ಕರವಸ್ತ್ರವನ್ನು ನನ್ನ ಮೂಗಿಗೆ ಹಿಡಿದರು. "ಕೋಳಿ ವಾಸನೆ ಬರುತ್ತಾ? ಮೆಣಸು, ಬೆಳ್ಳುಳ್ಳಿ?"

ಇಲ್ಲ. ಹುಲ್ಲಿನಂಥ, ತುಸು ಕಹಿಯಾದ ಘಮ. ನನ್ನ ಅಜ್ಜಿಯ ಅಡುಗೆಮನೆ ನೆನಪಾಯಿತು.

"ಚಹಾಬೀಜದ ಎಣ್ಣೆ," ಎಂದೆ.

"ಹೌದು. ಬೆಳಗಿನ ಚಿತ್ರೀಕರಣ ಮುಗಿದ ಮೇಲೆ ನೋಯೋ ಬೆರಳಿಗೆ ಇದನ್ನ ಹಚ್ಕೊಂಡು ಮಲಗೋರು ಯಾರು? ಆ ಚಾಪೆ ಪಕ್ಕ ಸೀಸೆ ಇನ್ನೂ ಇದೆ. ಅಲ್ಲೇ ಹಲಗೆಗೋಡೆ. ಅದರ ಆಚೆ ಗುರುಗಳು ಕಥೆ ಹೇಳೋ ಕೋಣೆ. ಕಿವಿ ಇದ್ದೋರಿಗೆ ಎಲ್ಲಾ ಕೇಳುತ್ತೆ. ಆಕುನ್, ಕೈ ತೋರಿಸು."

ಆಕುನ್ ಕೈ ತೋರಿಸಲಿಲ್ಲ. ಗೊಂಬೆಯ ಕಣ್ಣುಗಳನ್ನು ಅಂಗೈಯಿಂದ ಮುಚ್ಚಿದ.

"ಹತ್ತೊಂಬತ್ತು ವರ್ಷ," ಎಂದ. "ನನ್ನ ಬೆರಳು ಇವನ ಕುತ್ತಿಗೆ. ಇವನು ತಲೆ ಎತ್ತಿದ್ರೆ ಎತ್ತಿದ್ದು ನಾನು. ನಿನ್ನೆ ಗೋಡೆಯಾಚೆ ಗುರುಗಳು ಇವನನ್ನ ಸಾಯಿಸ್ತಿದ್ರು, ಅಕ್ಕ ಟಕಟಕ ಅಂತ ಟೈಪ್ ಮಾಡ್ತಿದ್ಲು. ಇವತ್ತು ನಂಗೆ ನಿದ್ದೇನೇ ಬರಲಿಲ್ಲ. ಜನ ಗಲಾಟೆ ಮಾಡಿದ್ರೆ ಗುರುಗಳು ಮನಸ್ಸು ಬದಲಾಯಿಸ್ತಾರೆ ಅಂದ್ಕೊಂಡೆ."

"ನನ್ನ ಲ್ಯಾಪ್‌ಟಾಪೇ ಬೇಕಿತ್ತೇನೋ?" ಅಕ್ಕ ಕೇಳಿದಳು.

"ನನ್ನ ಫೋನಾದ್ರೆ ಸಿಕ್ಕಿಬೀಳ್ತೀನಿ ಅಂತ… ಯಾರೋ ಎದ್ದ ಹಾಗಾಯ್ತು, ಪುಟ ಮುಚ್ಚೋಕೂ ಆಗಲಿಲ್ಲ. ನಿನ್ನನ್ನ ಯಾರೂ ಅನುಮಾನಿಸಲ್ಲ ಅಂದ್ಕೊಂಡೆ ಅಕ್ಕಾ. ದೇವರಾಣೆ."

"ಇಷ್ಟು ಹೊತ್ತು ಬಾಯಿಬಿಡದೆ ಕೂತಿದ್ಯಲ್ಲೋ! ಮರದವನು ಸಾಯಬಾರದು ಅಂತ, ಉಸಿರಿರೋಳನ್ನ ಬೀದಿಗೆ ಹಾಕ್ತಿದ್ದೆಯಲ್ಲೋ!"

ಆಕುನ್ ಗೊಳೋ ಎಂದು ಅತ್ತ. ನಾನು ಕೂಡ ಇಬ್ಬನಿಯನ್ನು ನೋಡುತ್ತಲೇ ದೊಡ್ಡವನಾದವನು.

ಲ್ಯಾವ್ ಗುರುಗಳು ನಿಧಾನವಾಗಿ ಎದ್ದು ಅಕ್ಕನ ಮುಂದೆ ನಿಂತರು. ಸೊಂಟ ಬಗ್ಗಿಸಿ ತಲೆ ತಗ್ಗಿಸಿದರು. "ತಪ್ಪಾಯ್ತು ಬಾವ್‌ಜೂ." ಆಮೇಲೆ ಆಕುನ್ ಕಡೆ ತಿರುಗಿದರು. "ಇಬ್ಬನಿ ಸಾಯ್ತಾನೆ. ಬಿಸಿಲು ಬಂದ ಮೇಲೆ ಇಬ್ಬನಿ ಉಳಿಯುತ್ತೇನೋ? ಆದ್ರೆ ಬೇರೆ ಯಾರ ಕೈಯಲ್ಲೂ ಸಾಯೋದು ಬೇಡ. ನೀನೇ ಆಡಿಸಿ ಸಾಯಿಸು. ಚೆನ್ನಾಗಿ ಸಾಯಿಸು."

*

ಅಕ್ಕ ಗುರುಗಳಿಗೆ ಹೇಳಿ ದೂರನ್ನು ಹಿಂತೆಗೆಸಿದಳು. ಮೇಡಂ ಗೊಣಗುತ್ತಾ ಕರವಸ್ತ್ರ ಮಡಚಿಕೊಂಡರು.

ನಾವು ಹೊರಡುವಾಗ ಅಕ್ಕ ತನ್ನ ಜಾಗದಲ್ಲಿ ಕೂತಿದ್ದಳು. ಬೆರಳು ಸವೆದ ಸೂರ್ಯನ ಮೇಲೆ ಇಳಿಯಿತು, ಅಲ್ಲಿಂದ ಚಂದ್ರನಿಗೆ ಹೋಯಿತು. ಪರದೆಯ ಮೇಲೆ 'ಬೆಳಕು' ಎಂಬ ಅಕ್ಷರ ಮೂಡಿತು. ಕೊನೆಯ ದೃಶ್ಯ ಅಲ್ಲಿಂದ ಶುರುವಂತೆ.

ಆಕುನ್ ಬಾಗಿಲಲ್ಲೇ ನಿಂತಿದ್ದ. ಒಳಗೆ ಬರಲು ಧೈರ್ಯವಿಲ್ಲ.

"ಅವನು ಸಾಯೋ ಸಾಲು ನೀನೇ ಹೇಳು, ನಾನು ಟೈಪ್ ಮಾಡ್ತೀನಿ," ಎಂದಳು ಅಕ್ಕ, ತಲೆಯೆತ್ತದೆ. "ಹತ್ತಿರ ಬಾ. ಮೊದಲು ಹೋಗಿ ಆ ಕೈ ತೊಳ್ಕೊ."