ಪಟ್ಟಿಯಿಂದ ಜಾರಿದ ಕೆಳಬೈಲು

ಫೆಬ್ರವರಿ 18, ಮಂಗಳವಾರ, ಬೆಳಿಗ್ಗೆ 10.15. ತೀರ್ಥಹಳ್ಳಿ ಠಾಣೆಗೆ ಬಂದ ನಾಗೇಂದ್ರನ ಕೈಯಲ್ಲಿ ಅರ್ಜಿ ಇರಲಿಲ್ಲ, ಮಡಚಿದ ಒಂದು ಹಾಳೆ ಇತ್ತು. ಅದು ‘ಸಹ್ಯಸಿರಿ’ ಎಂಬ ಖಾಸಗಿ ಆರೋಗ್ಯ ಟ್ರಸ್ಟ್ ದಿನವೂ ಹಂಚುವ ಪಟ್ಟಿ. ಯಾವ ಊರಿನ ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆಯೋ ಆ ಊರಿನ ಹೆಸರು ಅದರಲ್ಲಿ ಬರುತ್ತದೆ. ಹೆಸರು ಬಂದರೆ ಆ ಊರಿನವರು ಕಾಡಿನ ಕಡೆ ತಲೆ ಹಾಕುವುದಿಲ್ಲ. ಮಂಗನ ಕಾಯಿಲೆ ತರುವ ಉಣುಗು ಎಂಬ ಹುಳ ಅಲ್ಲೇ ಇರುತ್ತದೆಂದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು.

“ಇದು ಏಳನೇ ತಾರೀಖಿನ ಪಟ್ಟಿ ಸರ್. ಇದ್ರಲ್ಲಿ ನಮ್ಮ ಕೆಳಬೈಲು ಇಲ್ಲ,” ಎಂದ ನಾಗೇಂದ್ರ. “ಅಮ್ಮ ಸೊಪ್ಪಿಗೆ ಹೋಗ್ಲಾ ಅಂತ ಕೇಳಿದ್ರು. ಪಟ್ಟಿ ನೋಡಿ, ಹೋಗು ಅಂತ ನಾನೇ ಕಳಿಸ್ದೆ. ಈಗ ಆಸ್ಪತ್ರೇಲಿದಾರೆ. ಆರು ದಿನ ಆಯ್ತು ಜ್ವರ ಬಂದು.”

“ಮಂಗ ಸತ್ತಿದ್ದು ಟ್ರಸ್ಟ್‌ನವರಿಗೆ ತಿಳಿಸಿದ್ರಾ?”

“ಜನವರಿ ಮೂವತ್ತಕ್ಕೇ ಊರಿಂದ ಫೋನ್ ಮಾಡಿದಾರೆ. ನಂಗೆ ಗೊತ್ತಿರ್ಲಿಲ್ಲ. ನಾನು ನೋಡಿದ್ದು ಹಾಳೆ ಮಾತ್ರ.”

ತಾಯಿಯನ್ನು ತಾನೇ ಸಾವಿನ ಬಾಯಿಗೆ ನೂಕಿದೆನೇ ಎಂಬುದು ಅವನ ಸಂಕಟ. ಇನ್‌ಸ್ಪೆಕ್ಟರ್ ಮಧುಸೂದನ ಎಫ್‌ಐಆರ್ ದಾಖಲಿಸಿಕೊಂಡರು. ಟ್ರಸ್ಟ್ ಕಚೇರಿಗೆ ಅವರ ಜೊತೆ ಕಾನ್‌ಸ್ಟೇಬಲ್ ವನಮಾಲಾ ಹೊರಟರು. ಬಿಸಿಎ ಓದಿ ಪೊಲೀಸ್ ಸೇರಿದ ತಪ್ಪಿಗೆ ಠಾಣೆಯ ಪ್ರಿಂಟರ್ ಮುನಿಸಿಕೊಂಡಾಗಲೆಲ್ಲ ಅದನ್ನು ಓಲೈಸುವ ಕೆಲಸ ಅವರದೇ ಆಗಿತ್ತು. ಇವತ್ತು ಓದಿಗೆ ತಕ್ಕ ಕೆಲಸ ಸಿಕ್ಕಿತ್ತು.

ಮಧ್ಯಾಹ್ನ 12.30. ಟ್ರಸ್ಟ್ ಕಚೇರಿಯ ಮೇಲ್ವಿಚಾರಕಿ ಮಹಾಲಕ್ಷ್ಮೀ ಕಂಪ್ಯೂಟರ್ ತೆರೆದರು. ಜನವರಿ 30, ಸಂಜೆ 5.10, ಕೆಳಬೈಲು, ಒಂದು ಮಂಗ. ದಾಖಲೆ ಸರಿಯಾಗಿಯೇ ಇತ್ತು.

“ಹಾಗಾದ್ರೆ ಪಟ್ಟೀಲಿ ಯಾಕೆ ಬರ್ಲಿಲ್ಲ?” ಮಧುಸೂದನ ಕೇಳಿದರು.

“ಗಮನಕ್ಕೆ ಬಂದಿತ್ತು ಸರ್. ತಂತ್ರಾಂಶ ನೋಡ್ಕೊಳ್ಳೋ ಪೂರ್ಣೇಶ್‌ಗೆ ಹೇಳ್ದೆ. ನೋಡ್ತೀನಿ ಅಂದ್ರು. ಹತ್ತನೇ ತಾರೀಖು ಹೆಸರು ತಾನಾಗೇ ಬಂತು. ಸರಿಹೋಯ್ತಲ್ಲ ಅಂತ ಬಿಟ್ಟೆ.”

“ತಾನಾಗೇ ಕೆಟ್ಟು ತಾನಾಗೇ ಸರಿಹೋಗೋದು ನೆಗಡಿ ಮಾತ್ರ,” ಎಂದರು ವನಮಾಲಾ.

ಅವರು ಏಳನೇ ತಾರೀಖಿನ ಪಟ್ಟಿಯನ್ನು ಮತ್ತೆ ಮುದ್ರಿಸಿದರು. ಈಗ ಕೆಳಬೈಲು ಇತ್ತು. ನಾಗೇಂದ್ರ ತಂದ ಹಾಳೆಯನ್ನು ಪಕ್ಕದಲ್ಲಿಟ್ಟು ಇನ್‌ಸ್ಪೆಕ್ಟರಿಗೆ ವಿವರಿಸಿದರು.

“ಪಟ್ಟಿ ಮಾಡೋ ತಂತ್ರಾಂಶ ದಾಖಲೆಯನ್ನ ನೇರ ನೋಡಲ್ಲ ಸರ್. ನಡುವೆ ಒಂದು ಸಣ್ಣ ಪ್ರೋಗ್ರಾಂ ಇದೆ. ಆಬ್ಜೆಕ್ಟ್ ಡೇಟಾ ಸೋರ್ಸ್ ಅಂತಾರೆ. ಅಡುಗೆಮನೆಯಿಂದ ಪಂಕ್ತಿಗೆ ಬಡಿಸೋರ ಹಾಗೆ. ಅಡುಗೆ ಸರಿಯಿದೆ, ಎಲೆನೂ ಹಾಕಿದಾರೆ. ಬಡಿಸಿದೋರು ಒಂದು ಎಲೆ ಬಿಟ್ಟು ಹೋಗಿದಾರೆ.”

“ಮರೆತೋ, ಬೇಕಂತಲೋ?”

“ಹಳೇ ಪ್ರೋಗ್ರಾಂ ಸಿಕ್ಕಿದ್ರೆ ಹೇಳಬಹುದು. ಇಲ್ಲಿರೋ ಫೈಲು ಫೆಬ್ರವರಿ ಹತ್ತಕ್ಕೆ ಬದಲಾಗಿದೆ.”

ಟ್ರಸ್ಟ್‌ಗೆ ಸಾಗರದಲ್ಲಿ ಇನ್ನೊಂದು ಕಚೇರಿ ಇತ್ತು. ಹತ್ತನೇ ತಾರೀಖು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಕರೆಂಟ್ ಇರಲಿಲ್ಲವೆಂದು ಮಹಾಲಕ್ಷ್ಮೀ ನೆನಪಿಸಿಕೊಂಡರು. ಹಾಗಾದರೆ ಅಂದು ಬದಲಾದ ಫೈಲು ಅಲ್ಲಿಗೆ ತಲುಪಿರಲಾರದು, ಹಳೆಯದೇ ಉಳಿದಿರಬೇಕು. ಜೀಪು ಆ ಕ್ಷಣವೇ ಸಾಗರದ ದಾರಿ ಹಿಡಿಯಿತು. ಕರೆಂಟ್ ಹೋದದ್ದಕ್ಕೆ ಪೊಲೀಸರು ಸಂತೋಷಪಟ್ಟದ್ದು ಬಹುಶಃ ಅದೇ ಮೊದಲು.

ಸಂಜೆ 4.20. ಅದೇ ದಾಖಲೆ, ಅದೇ ತಾರೀಖು, ಅದೇ ಪಟ್ಟಿ. ಸಾಗರದ ಕಂಪ್ಯೂಟರ್ ಮುದ್ರಿಸಿದ ಹಾಳೆಯಲ್ಲಿ ಕೆಳಬೈಲು ಇರಲಿಲ್ಲ. ಇಲ್ಲಿಯವರು ತಮ್ಮ ತಾಲ್ಲೂಕಿನ ಹೆಸರುಗಳನ್ನಷ್ಟೇ ನೋಡುತ್ತಿದ್ದರಿಂದ ಯಾರಿಗೂ ತಿಳಿದಿರಲಿಲ್ಲ. ವನಮಾಲಾ ನಡುವಿನ ಪ್ರೋಗ್ರಾಂ ತೆರೆದು ಬೆರಳಿಟ್ಟು ತೋರಿಸಿದರು. ಊರಿನ ಹೆಸರು ಕೆಳಬೈಲು ಎಂದಿದ್ದರೆ ಆ ಸಾಲನ್ನು ಬಿಡು ಎಂದು ಒಂದೇ ಒಂದು ಆಜ್ಞೆ ಇತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಯಂತ್ರ, ಹೇಳಿದ್ದನ್ನು ಮಾಡಿತ್ತು. ಆಜ್ಞೆ ಸೇರಿದ್ದು ಜನವರಿ 31, ಬೆಳಿಗ್ಗೆ 11.42ಕ್ಕೆ, ಪೂರ್ಣೇಶನ ಲಾಗಿನ್‌ನಿಂದ. ಇಬ್ಬರು ಪಂಚರ ಎದುರು ಪಂಚನಾಮೆ ಬರೆದು ಕಂಪ್ಯೂಟರನ್ನು ಜಪ್ತಿ ಮಾಡಲಾಯಿತು.

ಫೆಬ್ರವರಿ 19, ಬೆಳಿಗ್ಗೆ 9.40. ಹೊಸನಗರದಲ್ಲಿ ಪೂರ್ಣೇಶ್ ತನ್ನ ಕಂಪ್ಯೂಟರ್ ಅಂಗಡಿಯ ಬಾಗಿಲು ತೆಗೆಯುತ್ತಿದ್ದ. ಮೂವತ್ತು ದಾಟಿದ ವಯಸ್ಸು, ಅಚ್ಚುಕಟ್ಟಾದ ಶರ್ಟು. ಸಾಗರದ ಹಾಳೆಯನ್ನು ಮುಂದೆ ಹಿಡಿದಾಗ ಅವನು ವಾದಿಸಲಿಲ್ಲ.

“ನಿಮ್ಮೂರು ಯಾವುದು?”

“ಕೆಳಬೈಲೇ ಸರ್. ಅಮ್ಮ ಅಲ್ಲೇ ಇದಾರೆ.”

“ನಿಮ್ಮೂರ ಹೆಸರನ್ನೇ ತೆಗೆದ್ರಾ? ಯಾಕೆ?”

“ಹೋದ ವರ್ಷ ತಂಗಿ ಸೌಜನ್ಯನ ನಿಶ್ಚಿತಾರ್ಥದ ದಿನಾನೇ ಊರ ಹೆಸರು ಪಟ್ಟೀಲಿ ಬಂತು. ಗಂಡಿನ ಕಡೆಯವ್ರು ಅರ್ಧ ದಾರಿಯಿಂದ ವಾಪಸ್ ಹೋದ್ರು. ಆಮೇಲೆ ಆ ಸಂಬಂಧನೇ ಬೇಡ ಅಂದ್ರು. ಅವ್ಳು ಮೂರು ತಿಂಗಳು ಮನೆ ಹೊರಗೆ ಬರ್ಲಿಲ್ಲ. ಈ ಸಲ ಒಂಬತ್ತನೇ ತಾರೀಖು ಅವಳ ಮದುವೆ ಇತ್ತು. ಹತ್ತು ದಿನ ಅಷ್ಟೇ ಅಂತ ಮಾಡ್ದೆ. ಅಷ್ಟರಲ್ಲಿ ಯಾರು ಕಾಡಿಗೆ ಹೋಗ್ತಾರೆ ಅನ್ಕೊಂಡೆ.”

“ಗುತ್ಯಮ್ಮ ಹೋದ್ರು. ನಾಗೇಂದ್ರನ ಅಮ್ಮ. ಈಗ ಆಸ್ಪತ್ರೇಲಿದಾರೆ.”

“ಗುತ್ಯಮ್ಮನಾ?” ಎಂದು ಪೂರ್ಣೇಶ್ ಕೇಳಿದ. ಬೆಳಿಗ್ಗೆ 10.05ಕ್ಕೆ ಅವನನ್ನು ಬಂಧಿಸಲಾಯಿತು.

ಮಧ್ಯಾಹ್ನ ಮಧುಸೂದನ ಆಸ್ಪತ್ರೆಗೆ ಹೋದರು. ಗುತ್ಯಮ್ಮನ ಜ್ವರ ಇಳಿದಿತ್ತು, ಇನ್ನು ಭಯವಿಲ್ಲ ಎಂದು ವೈದ್ಯರು ಹೇಳಿದರು. ಬಾಗಿಲ ಬಳಿ ನಿಂತಿದ್ದ ನಾಗೇಂದ್ರನ ಹೆಗಲ ಮೇಲೆ ಅವರು ಕೈಯಿಟ್ಟರು. “ನೀವು ನೋಡಿದ ಪಟ್ಟಿ ಸುಳ್ಳು. ನೋಡಿಯೇ ಕಳಿಸಿದ್ರಿ, ನಿಮ್ಮ ತಪ್ಪೇನೂ ಇಲ್ಲ,” ಎಂದರು. ನಾಗೇಂದ್ರ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಗುತ್ಯಮ್ಮನಿಗೆ ಬಂಧನದ ಸುದ್ದಿ ಇನ್ನೂ ತಿಳಿದಿರಲಿಲ್ಲ. ಹೇಳಿಕೆ ಪಡೆಯಲು ಕುಳಿತ ಮಧುಸೂದನ ಕೇಳಿದರು.

“ಯಾವ ಸೊಪ್ಪಿಗೆ ಹೋಗಿದ್ರಿ ಅಮ್ಮಾ?”

“ನೇರಳೆ ಸೊಪ್ಪಿಗೆ. ತುಂಗಮ್ಮನ ಮಗಳು ಸೌಜನ್ಯನ ಮದುವೆ ಚಪ್ಪರಕ್ಕೆ. ಮಗ ಶಾಮಿಯಾನ ಹಾಕ್ಸಿದ್ರೂ ಹಸಿ ಸೊಪ್ಪಿಲ್ದೆ ಚಪ್ಪರ ಆಗತ್ತಾ? ನಮ್ಮೂರಲ್ಲಿ ಮನೆಗೊಂದು ಹೊರೆ ಸೊಪ್ಪು ಕೊಡೋದು ಪದ್ಧತಿ.” ಅವಳು ಉಸಿರು ತೆಗೆದುಕೊಂಡು ಮುಂದುವರಿಸಿದಳು. “ಹೋದ ವರ್ಷ ಆ ಹುಡುಗಿ ಸಂಬಂಧ ಮುರಿದುಹೋಯ್ತು, ಪಾಪ. ಈ ಸಲ ಚೆನ್ನಾಗಿ ಆಗ್ಲಿ ಅಂತ ನಾನು ಎರಡು ಹೊರೆ ತಂದೆ.”

ಮಧುಸೂದನ ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡರು. ಬರೆದದ್ದನ್ನು ಕೊನೆಯ ಸಾಲಿನವರೆಗೂ ಆಕೆಗೆ ಓದಿ ಹೇಳಿದರು.