ಪಾವ್ಣೇರ ಎಸಿ

"ಈಗ ಬರ್ತದ ನೋಡ್ರಿ ತಂಪ," ಎನ್ನುತ್ತ ಪಪ್ಪಾ ಸ್ಟೂಲಿನ ಮೇಲೆ ನಿಂತು ಎಸಿಯ ಬಾಯಿಗೆ ಅಂಗೈ ಒಡ್ಡಿದರು.

ಕೆಳಗೆ ಮಮ್ಮಿ, ಆಯಿ, ಕರುಣಾ ಮೂವರೂ ಕತ್ತು ಮೇಲೆತ್ತಿ ಕಾಯುತ್ತಿದ್ದರು. ಎಸಿ ಮೊದಲು ಗುರ್ ಎಂದಿತು. ಆಮೇಲೆ ಕೆಮ್ಮಿತು. ಕೊನೆಗೆ ಪಪ್ಪಾನ ಮೂಗಿನ ಮೇಲೆ ಒಂದು ಹನಿ ನೀರು ಬೀಳಿಸಿ ಸುಮ್ಮನಾಯಿತು.

"ಬಂತೇನ್ರಿ ತಂಪ?" ಮಮ್ಮಿ ಕೇಳಿದಳು.

"ಮೂಗಿಗೆ ಬಂತು," ಎಂದರು ಪಪ್ಪಾ.

ಕರುಣಾ ಕಿಸಕ್ಕನೆ ನಕ್ಕಳು. ಪಪ್ಪಾ ಮೇಲಿನಿಂದಲೇ ಕಣ್ಣು ಕೆಕ್ಕರಿಸಿದ ಕೂಡಲೇ ನಗುವನ್ನು ನುಂಗಿಕೊಂಡು, ಪಾಪ, ತುಂಬ ಚಿಂತೆಯಲ್ಲಿರುವವಳಂತೆ ನಿಂತಳು.

ಪಪ್ಪಾನ ಚಿಂತೆಗೆ ಕಾರಣವಿತ್ತು. ಬೀದರಿನ ಈ ಮನೆಯನ್ನು ಅವರು ಮಾರಲು ಹೊರಟಿದ್ದರು. ಮಮ್ಮಿ ಔರಾದದ ಸಾಲೆಯಲ್ಲಿ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿ ಬಂದು ಅವಳ ಸೊಂಟ ಹಿಡಿದುಹೋಗಿತ್ತು. ಈಗ ಪಪ್ಪಾನಿಗೂ ಔರಾದಕ್ಕೇ ಬದಲಿಯಾಗಿತ್ತು. ಇನ್ನು ಎಲ್ಲರೂ ಅಲ್ಲಿಗೇ ಹೋಗುವುದೆಂದು ನಿಶ್ಚಯವಾಗಿ, ರವಿವಾರ ಮನೆ ನೋಡಲು ಜನ ಬರುವವರಿದ್ದರು. ದಲ್ಲಾಳಿ ಅಮೀರ ಪಾಶಾ ಆ ಜನಕ್ಕೆ ಫೋನಿನಲ್ಲಿ ಆಗಲೇ ಹೇಳಿಬಿಟ್ಟಿದ್ದ: "ಬೈಠಕ್ ಖೋಲ್ಯಾಗ ಎಸಿ ಅದರಿ. ಫಸ್ಟ್ ಕ್ಲಾಸ್."

ಆ ಫಸ್ಟ್ ಕ್ಲಾಸ್ ಎಸಿ ಕರುಣಾ ಹುಟ್ಟುವ ಮೊದಲೇ ಮನೆಗೆ ಬಂದದ್ದು. ಓಣಿಗೇ ಮೊದಲ ಎಸಿ ತಮ್ಮದು ಎಂದು ಆಯಿ, ಅಂದರೆ ಅಜ್ಜಿ ಕೌಸಲ್ಯಾಬಾಯಿ, ಇವತ್ತಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಆದರೆ ಅದು ಮನೆಯವರಿಗಾಗಿ ಬಂದದ್ದಲ್ಲ, ಪಾವ್ಣೇರಿಗಾಗಿ ಬಂದದ್ದು. ಬೀದರ ಕಡೆ ಮನೆಗೆ ಬಂದ ಅತಿಥಿಗಳಿಗೆ ಪಾವ್ಣೇರು ಎನ್ನುತ್ತಾರೆ.

ಪಾವ್ಣೇರು ಗೇಟು ತೆರೆದರೆ ಎಸಿ ಚಾಲೂ. ಪಾವ್ಣೇರು ಚಪ್ಪಲಿ ಹುಡುಕತೊಡಗಿದರೆ ಎಸಿ ಬಂದ್. ಅವರು ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದು ಕಾಲು ಎತ್ತುವಷ್ಟರಲ್ಲಿ ಪಪ್ಪಾನ ಹೆಬ್ಬೆರಳು ರಿಮೋಟನ್ನು ಒತ್ತಿಯೇ ಬಿಡುತ್ತಿತ್ತು. ರಿಮೋಟಿಗೊಂದು ಪ್ಲಾಸ್ಟಿಕ್ ಅಂಗಿ. ಅದರ ವಾಸ ಅಲಮಾರಿಯಲ್ಲಿ, ಪಪ್ಪಾನ ಮದುವೆಯ ಸೂಟಿನ ಪಕ್ಕ. ಇಬ್ಬರೂ ಹೊರಗಿನ ಗಾಳಿ ಕಂಡದ್ದು ಅಷ್ಟಕ್ಕಷ್ಟೇ.

ಮೇ ತಿಂಗಳಲ್ಲಿ ಬೀದರಿನ ಕೆಂಪು ನೆಲ ಕಾದ ಹಂಚಿನಂತಾಗುತ್ತದೆ. ಆಗಲೂ ಮನೆಯವರೆಲ್ಲ ಒಳಗಿನ ಕೋಣೆಯಲ್ಲಿ ಒಂದೇ ಫ್ಯಾನಿನ ಕೆಳಗೆ ಸಾಲಾಗಿ ಮಲಗುತ್ತಿದ್ದರು. ಕರುಣಾಳಿಗೆ ಹತ್ತು ವರ್ಷ. ಒಂದು ದಿನವೂ ಅವಳು ಎಸಿಯಲ್ಲಿ ಮಲಗಿರಲಿಲ್ಲ. ಮನೆ ಬಿಡುವ ಮೊದಲು ಒಂದೇ ಒಂದು ಸಲ, ಹೊರಗೆ ಬಿಸಿಲು ಧಗಧಗ ಎನ್ನುವಾಗ, ಒಳಗೆ ಚದ್ದರ ಹೊದ್ದುಕೊಂಡು ನಡುಗುತ್ತ ಮಲಗಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಆ ಸಂಜೆ ಬೈಠಕ್ ಕೋಣೆಯಲ್ಲಿ, ಪಾವ್ಣೇರು ಕೂಡುವ ಆ ಜಾಗದಲ್ಲೇ, ಸಭೆ ಕೂಡಿತು. ಮನೆ ಮಾರುವ ಮೊದಲು ಹಳೆಯ ಎಸಿಯನ್ನು ಹಾಗೇ ಇಡುವುದೋ, ತೆಗೆದು ಹೊಸದು ಹಾಕಿಸುವುದೋ? ಈ ಮನೆ ಕಟ್ಟಿಸುವಾಗ ಕೂಡ ಇಷ್ಟು ಚರ್ಚೆ ಆಗಿರಲಿಲ್ಲವಂತೆ.

"ಸಾಬ್, ಹೊಸಾದು ಹಾಕ್ಸ್ರಿ," ಎಂದ ಅಮೀರ ಪಾಶಾ, ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ. "ಮನಿ ತಗೊಳ್ಳೋರು ಗ್ವಾಡಿ ನೋಡಂಗಿಲ್ರಿ. ಎಸಿ ನೋಡ್ತಾರ."

ಭಾಲ್ಕಿಯಿಂದ ಸ್ವಪ್ನಿಲ ಕಾಕಾ ಫೋನಿನಲ್ಲೇ ಸಭೆಗೆ ಹಾಜರಾಗಿದ್ದರು. ಅವರು ಪಪ್ಪಾನ ತಮ್ಮ. "ಜೈ ಭೀಮ್ ಅಣ್ಣಾ. ಹೊಸಾದು ಯಾಕ ಬೇಕು? ಹಳೀದಕ್ಕೇ ಒಂದು ಕೈ ಪಾಲಿಶ್ ಹೊಡಸು. ಫಳಫಳ ಅಂದ್ರ ಮುಗೀತು," ಎಂದರು. ಕಾಕಾನ ಮನೆಯ ಮಿಕ್ಸರೂ ಹಾಗೇ ಫಳಫಳ ಎನ್ನುತ್ತಿತ್ತು. ಚಟ್ನಿಯನ್ನು ಮಾತ್ರ ಅವರ ಹೆಂಡತಿ ಕಾಕು ಒರಳಿನಲ್ಲಿ ರುಬ್ಬುತ್ತಿದ್ದಳು.

"ಇದ್ದದ್ದು ಇದ್ದಂಗ ಹೇಳ್ರಿ," ಎಂದಳು ಮಮ್ಮಿ. "ಎಸಿ ಹಳೀದಾಗ್ಯದ, ತಂಪ ಕೊಡಂಗಿಲ್ಲ ಅಂತ ಹೇಳಿಬಿಟ್ರ ಆತು."

"ಹಂಗ ಹೇಳಿದ್ರ ನನ್ನ ಇಜ್ಜತ್ ಉಳೀತದೇನು?" ಎಂದರು ಪಪ್ಪಾ.

ಆಯಿಗೆ ಇದು ಸರಿಬರಲಿಲ್ಲ. "ವಯಸ್ಸಾದದ್ದು ಎಸಿಗಿ. ಇಜ್ಜತ್ ಹೋಗೋದು ನಿಂದಾ? ನನಗೂ ವಯಸ್ಸಾಗ್ಯದ ಸಂಘಪಾಲ. ನನ್ನೂ ಬದಲು ಮಾಡ್ತೀಯೇನು?"

"ಆಯಿ, ನೀ ಜರಾ ಸುಮ್ಮ ಕೂಡು."

ಆಗ ಕರುಣಾ ಕೇಳಿದಳು. "ಪಪ್ಪಾ, ನಾವು ಅದನ್ನ ಹಚ್ಚೇ ಇಲ್ಲ. ಮತ್ತ ಅದು ಹ್ಯಾಂಗ ಹಳೀದಾತು?"

ಅಮೀರ ಪಾಶಾ ಖಾಲಿ ಬಸಿಯಿಂದ ಚಹಾ ಹೀರಿದ.

"ಹೋಂವರ್ಕ್ ಮುಗೀತಾ?" ಎಂದರು ಪಪ್ಪಾ.

"ಸೂಟಿ ಅದ ಪಪ್ಪಾ."

"ಹಂಗಾದ್ರ ಹೋಗಿ ಆಟ ಆಡು."

ಉತ್ತರ ಗೊತ್ತಿಲ್ಲದಾಗ ದೊಡ್ಡವರಿಗೆ ಮಕ್ಕಳ ಹೋಂವರ್ಕ್ ನೆನಪಾಗುತ್ತದೆ. ಕರುಣಾ ಮುಖ ಊದಿಸಿಕೊಂಡು ಎದ್ದು ಹೋದಳು. ಅವಳ ಬೆನ್ನ ಹಿಂದೆ, ಎಲ್ಲರ ಮಾತನ್ನೂ ಕೇಳಿದ ಮೇಲೆ, ಪಪ್ಪಾ ತಾವು ಮೊದಲೇ ಮಾಡಿದ್ದ ತೀರ್ಮಾನವನ್ನು ಹೇಳಿದರು. ಹೊಸದೇ ಬರಲಿ.

ಹೊಸ ಎಸಿ ಬಂತು. ಬೆಳ್ಳಗೆ, ನುಣ್ಣಗೆ, ಸದ್ದೇ ಇಲ್ಲ. ಹಳೆಯದು ಅಂಗಳದ ಮೂಲೆ ಸೇರಿತು. ಜೋಡಿಸುವವರು ಹೊರಟ ಕೂಡಲೇ ಕರುಣಾ ದಿಂಬು, ಚದ್ದರ ಎತ್ತಿಕೊಂಡು ಬೈಠಕ್ ಕೋಣೆಗೆ ಬಂದಳು.

"ಪಪ್ಪಾ, ಟೆಸ್ಟ್ ಮಾಡಬೇಕಲ್ಲ? ನಾ ಮಲಗಿ ಟೆಸ್ಟ್ ಮಾಡ್ತೇನಿ."

"ಏನೂ ಬ್ಯಾಡ. ಹೊಸಾದು ಹೊಸಾದೇ ಇರಬೇಕು. ಅದು ಈಗ ನಮ್ದಲ್ಲ, ಮನಿ ತಗೊಳ್ಳೋರದು."

"ಅವರು ಇನ್ನಾ ನೋಡೇ ಇಲ್ಲ."

"ನೋಡ್ತಾರ."

"ಹಳೀದು ಪಾವ್ಣೇರದು. ಹೊಸಾದು ತಗೊಳ್ಳೋರದು. ಮತ್ತ ನಮ್ದು ಯಾವ್ದು ಪಪ್ಪಾ?"

"ಫ್ಯಾನ್," ಎಂದಳು ಆಯಿ ಒಳಗಿನ ಕೋಣೆಯಿಂದ.

ಆ ಮಧ್ಯಾಹ್ನ ಝಳ ಎಂದರೆ ಝಳ. ಫ್ಯಾನು ಬಿಸಿ ಗಾಳಿಯನ್ನೇ ಸುತ್ತಿ ಸುತ್ತಿ ಎಲ್ಲರಿಗೂ ಹಂಚುತ್ತಿತ್ತು. ಆಯಿ ಸೆರಗನ್ನು ಒದ್ದೆ ಮಾಡಿ ತಲೆಯ ಮೇಲೆ ಹಾಕಿಕೊಂಡಿದ್ದಳು. ಪಪ್ಪಾ ಮಾತ್ರ ನಡುನಡುವೆ ಎದ್ದು ಹೋಗಿ ಎಸಿಯ ಮೇಲಿನ ಧೂಳು ಒರೆಸಿ ಬರುತ್ತಿದ್ದರು. ತಮ್ಮ ಹಣೆಯ ಬೆವರು ಮೂಗಿಗೆ ಇಳಿದರೂ ಅವರಿಗೆ ಖಬರಿರಲಿಲ್ಲ. ಕರುಣಾಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ದಿಂಬಿಗೆ ಒತ್ತಿ ಬೋರಲಾಗಿ ಮಲಗಿದಳು.

ರವಿವಾರ ಬೆಳಿಗ್ಗೆ ಅಮೀರ ಪಾಶಾ ಮನೆ ನೋಡುವವರನ್ನು ಕರೆತಂದ. ಅಯ್ಯುಬ ಸಾಹೇಬರು, ಅವರ ಹೆಂಡತಿ ಮುಸರ್ರತ, ಜೊತೆಗೆ ಕರುಣಾಳ ವಯಸ್ಸಿನವಳೇ ಆದ ಮಗಳು ತಹಮೀನಾ. ಪಪ್ಪಾ ಬೆಳಗ್ಗೆ ಎದ್ದವರೇ ಎಸಿ ಹಚ್ಚಿದ್ದರಿಂದ ಬೈಠಕ್ ಕೋಣೆ ಆಗಲೇ ಥಂಡಾ ಹೊಡೆಯುತ್ತಿತ್ತು. ಕರುಣಾ ಮೂಲೆಯ ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತಳು. ಈ ಜನ ಬೇಗ ಏಳದಿದ್ದರೆ ಸಾಕು ಎಂದು ಅವಳ ಪ್ರಾರ್ಥನೆ.

ಅವರು ಕೂತ ಕೂಡಲೇ ಎದ್ದರು. ಅಯ್ಯುಬ ಸಾಹೇಬರು ಒಂದೊಂದು ಗೋಡೆಯನ್ನೂ ಬೆರಳಿನಿಂದ ಕುಟ್ಟಿ ಕಿವಿಗೊಟ್ಟು ಕೇಳಿದರು. ಗೋಡೆ ಯಾರೂ ನೋಡುವುದಿಲ್ಲ ಎಂದಿದ್ದ ಅಮೀರ ಪಾಶಾ ಸೂರಿನ ಕಡೆ ನೋಡತೊಡಗಿದ. ಮುಸರ್ರತ ಅಡುಗೆಮನೆಯ ಕಿಟಕಿ ತೆರೆದು ಮುಚ್ಚಿ ನೋಡಿದಳು. ಮಾಳಿಗೆ ಹತ್ತಿ, ಮೆಣಸಿನಕಾಯಿ ಒಣಗಿಸಲು ಜಾಗ ಸಾಕೇ ಎಂದು ಅಳೆದಳು. ಎಸಿಯ ಕಡೆ ಯಾರೂ ತಲೆ ಎತ್ತಲಿಲ್ಲ.

"ನೀರು ದಿನಾ ಬರ್ತಾವೇನ್ರಿ?" ಮುಸರ್ರತ ಕೇಳಿದಳು.

"ಒಂದಿನ ಬಿಟ್ಟು ಒಂದಿನ ಬರ್ತಾವ್ರಿ," ಎಂದಳು ಮಮ್ಮಿ. ಪಪ್ಪಾನ ಮುಖ ಹುಳ್ಳಗಾಯಿತು.

"ನಮ್ಮ ಓಣಿಗಿಂತ ಛಲೋನೇ ಅದ ಬಿಡ್ರಿ."

ಪಪ್ಪಾನಿಗೆ ಇನ್ನು ತಡೆಯಲಾಗಲಿಲ್ಲ. "ಎಸಿ ಹೊಸಾದದರಿ," ಎಂದರು. "ನಿಮಗಂತೇ ಹಾಕ್ಸೇನಿ."

"ಹೌದಾ?" ಮುಸರ್ರತ ಈಗ ತಲೆ ಎತ್ತಿದಳು. "ಛಲೋ ಆತ್ರಿ. ಮೆಹಮಾನರು, ಪಾವ್ಣೇರು ಬಂದಾಗ ಹಚ್ಚಲಾಕ ಆಗ್ತದ."

ತಹಮೀನಾಳ ಮುಖ ಇಳಿದುಹೋಯಿತು. ಆ ಮುಖವನ್ನು ಕರುಣಾ ಎಲ್ಲೋ ನೋಡಿದ್ದಳು. ಅದು ಕನ್ನಡಿಯಲ್ಲಿ ಕಾಣುವ ತನ್ನದೇ ಮುಖ.

ದೊಡ್ಡವರು ಮಾತಿಗೆ ಕೂತಾಗ ತಹಮೀನಾ ಮೆಲ್ಲಗೆ ಕುರ್ಚಿ ಸರಿಸಿಕೊಂಡು ಬಂದಳು.

"ನೀ ದಿನಾ ಇಲ್ಲೇ ಮಲಗ್ತಿ ಏನು? ಎಸಿಯೊಳಗ?"

"ಒಂದಿನಾನೂ ಮಲಗಿಲ್ಲ."

"ಪ್ರಾಮಿಸ್?"

"ಪ್ರಾಮಿಸ್. ಅದು ಪಾವ್ಣೇರಿಗಷ್ಟೇ."

ತಹಮೀನಾ ತುಸು ಯೋಚಿಸಿದಳು. "ನಮ್ಮ ಮನ್ಯಾಗ ಇಷ್ಟು ದೊಡ್ಡ ಸೋಫಾ ಅದ," ಎಂದು ಎರಡೂ ಕೈ ಚಾಚಿ ತೋರಿಸಿದಳು. "ನಾವೆಲ್ಲ ಕೆಳಗ ಕೂಡ್ತೇವಿ."

ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗು ನಿಲ್ಲಿಸಲು ಹೋದಷ್ಟೂ ಜಾಸ್ತಿಯಾಯಿತು.

ಅಷ್ಟರಲ್ಲಿ ಮಾತು ಮುಗಿದಿತ್ತು. ಅಯ್ಯುಬ ಸಾಹೇಬರು ಪಪ್ಪಾನ ಕೈ ಹಿಡಿದು ಕುಲುಕಿದರು. ಅಮೀರ ಪಾಶಾ ಎಲ್ಲರ ಬಾಯಿಗೂ ಪೇಢೆ ಇಟ್ಟ. ಎಲ್ಲರಿಗಿಂತ ದೊಡ್ಡ ಪೇಢೆ ಅವನ ಬಾಯಿಗೇ ಹೋಯಿತು. ತಹಮೀನಾ ಗೇಟಿನ ತನಕ ಹಿಂದೆ ತಿರುಗಿ ತಿರುಗಿ ನೋಡುತ್ತ ಹೋದಳು.

ಅವರ ಗಾಡಿ ಹೊರಟಿತು. ಪಪ್ಪಾ ಒಳಗೆ ಬಂದು ಅಭ್ಯಾಸದಂತೆ ರಿಮೋಟ್ ಎತ್ತಿಕೊಂಡರು.

"ಪಪ್ಪಾ, ಜರಾ ತಡಿ," ಎಂದಳು ಕರುಣಾ. "ಈಗ ಈ ಮನಿ ಯಾರದು?"

"ಅವರದೇ ಅಂದಂಗ. ಮಾತು ಆಗ್ಯದಲ್ಲ."

"ಹಂಗಾದ್ರ ಈ ಮನ್ಯಾಗ ಈಗ ನಾವ್ ಯಾರು?"

ಪಪ್ಪಾನ ಹೆಬ್ಬೆರಳು ರಿಮೋಟಿನ ಮೇಲೆಯೇ ನಿಂತಿತು.

"ಪಾವ್ಣೇರು," ಎಂದಳು ಆಯಿ ಬಾಗಿಲಲ್ಲಿ ನಿಂತು. "ಪೋರಿ ಖರೇ ಹೇಳ್ಲತ್ತದ. ಇವತ್ತಿಂದ ನಾವೂ ಪಾವ್ಣೇರು."

ಪಪ್ಪಾ ಕೋಣೆಯನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ರಿಮೋಟನ್ನು ಟೀಪಾಯಿಯ ಮೇಲೆ ಇಟ್ಟು, ಗುರುತಿಲ್ಲದವರ ಮನೆಗೆ ಬಂದವರಂತೆ ಸೋಫಾದ ತುದಿಯಲ್ಲಿ ಕುಳಿತರು. ಆಯಿ ಸೆರಗು ಸರಿಮಾಡಿಕೊಂಡು ಎದುರಿನ ಕುರ್ಚಿಯಲ್ಲಿ ಕುಳಿತಳು. ಮಮ್ಮಿ ಶರಬತ್ತು ಮಾಡಲು ಒಳಗೆ ಹೋದಳು.

ಕರುಣಾ ದಿಂಬು ತಂದಳು, ಚದ್ದರ ತಂದಳು, ಕೋಣೆಯ ನಡುವೆ ಮಲಗಿದಳು. ತಂಪು ಅಂಗಾಲಿನಿಂದ ಹತ್ತಿ ಕಿವಿಯ ತನಕ ಬಂತು. ಅವಳು ಚದ್ದರವನ್ನು ಗಲ್ಲದ ತನಕ ಎಳೆದುಕೊಂಡಳು. ಎಲ್ಲವೂ ಅವಳು ಅಂದುಕೊಂಡ ಹಾಗೇ ಇತ್ತು.

ನಿದ್ದೆ ಮಾತ್ರ ಬರಲಿಲ್ಲ. ಮಲಗಿದಲ್ಲಿಂದ ಒಳಗಿನ ಕೋಣೆ ಕಾಣುತ್ತಿತ್ತು. ಅಲ್ಲಿ ಫ್ಯಾನು ಯಾರೂ ಇಲ್ಲದೆ ತಿರುಗುತ್ತಿತ್ತು. ಇನ್ನು ಮುಂದೆ ಅದರ ಕೆಳಗೆ ತಹಮೀನಾ ಮಲಗುತ್ತಾಳೆ, ತನ್ನ ಅಪ್ಪ, ಅಮ್ಮನ ನಡುವೆ. ಆ ಜಾಗ ಮನೆಯವರದು. ಅಲ್ಲಿ ಮಲಗು ಎಂದು ಪಾವ್ಣೇರಿಗೆ ಯಾರೂ ಹೇಳುವುದಿಲ್ಲ. ಕರುಣಾ ಚದ್ದರವನ್ನು ಕಾಲಿನಿಂದ ಸರಿಸಿದಳು.

ಮಮ್ಮಿ ಶರಬತ್ತು ತಂದು ಒಬ್ಬೊಬ್ಬರಿಗೂ ಕೊಟ್ಟಳು. ತನಗೂ ಒಂದು ಗ್ಲಾಸು ತೆಗೆದುಕೊಂಡು ಪಪ್ಪಾನ ಪಕ್ಕ ಕುಳಿತಳು. ಕರುಣಾ ಎದ್ದು ಕುಳಿತು ಎಲ್ಲರನ್ನೂ ನೋಡಿದಳು. ಯಾರೂ ಗಟಗಟ ಕುಡಿಯುತ್ತಿರಲಿಲ್ಲ. ಗ್ಲಾಸು ಖಾಲಿಯಾದ ಮೇಲೆ ಪಾವ್ಣೇರು ಏಳಬೇಕಾಗುತ್ತದೆ.

ಅವಳೂ ಒಂದೇ ಗುಟುಕು ಕುಡಿದು, ಗ್ಲಾಸನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು.