ಅಪ್ಪನ ಕೈಗೆ ಸಿಗದ ಫೂಟುಪಟ್ಟಿ

"ಬೆರಳ ಅಗಲ ಮಾಡು ಯಪ್ಪಾ! ಪಟ್ಟಿ ಮುಟ್ಟಬ್ಯಾಡ!"

ಹೊಳೆವ್ವ ಲಾರಿಯ ಮೆಟ್ಟಿಲ ಮೇಲೆ ನಿಂತು, ಫೂಟುಪಟ್ಟಿಯ ಮೇಲಿನ ತುದಿ ಹಿಡಿದಿದ್ದಳು. ಕೆಳಗೆ ಅವಳಪ್ಪ ಬೀರಣ್ಣ ಎರಡು ಬೆರಳುಗಳ ನಡುವೆ ಸಂದು ಬಿಟ್ಟು ಕಾಯುತ್ತಿದ್ದ. ಪಟ್ಟಿ ಬಿಟ್ಟ ಕೂಡಲೇ ಹಿಡಿಯಬೇಕು. ತಡವಾದಷ್ಟೂ ಹೆಚ್ಚು ಇಂಚು ಜಾರುತ್ತದೆ. ದಣಿದ ಕೈ ತಡ ಮಾಡುತ್ತದೆ ಎಂದು ಐದನೇ ಇಯತ್ತೆಯ ಮಾಸ್ತರರು ಆಡಿಸಿ ತೋರಿಸಿದ್ದರು.

ಸೊಲ್ಲಾಪುರ ರಸ್ತೆಯ ಬೇವಿನ ಮರದಡಿ ಎರಡು ಲಾರಿ ನಿಂತಿದ್ದವು. ಟಿಕೋಟಾ, ಬಬಲೇಶ್ವರ ಸುತ್ತಿ ಜೋಳ ಹೇರಿಕೊಂಡು ಬಂದಿದ್ದವು. ಕಾದ ಎಂಜಿನ್ ಆರಿದ ಮೇಲೆ ಸೊಲ್ಲಾಪುರಕ್ಕೆ ಹೊರಡಬೇಕು. ಬೀರಣ್ಣ ನಿನ್ನೆಯಿಂದ ಮಲಗಿಯೇ ಇಲ್ಲ. ಅದೇ ಹೊಳೆವ್ವನ ಚಿಂತೆ.

ಇನ್ನೊಂದು ಲಾರಿಯ ಹೊಸ ಡ್ರೈವರ್ ಸೈಫುದ್ದೀನ ಮೊದಲೇ ಸೋತಿದ್ದ. ಪಟ್ಟಿ ಅವನ ಕೈಯಲ್ಲಿ ಹತ್ತಿಂಚು ಜಾರಿತ್ತು. "ಕಣ್ಣು ಉರಿಯಾಕತ್ತಾವ, ಉಸ್ತಾದ. ಜರಾ ಅಡ್ಡಾಗ್ತೀನಿ" ಎಂದು ಗೋಣಿಚೀಲ ಹಾಸಿಕೊಂಡಿದ್ದ.

ಹೊಳೆವ್ವ ಪಟ್ಟಿ ಬಿಟ್ಟಳು. ಚಟ್! ಬೀರಣ್ಣ ಮೂರಿಂಚಿಗೇ ಹಿಡಿದ.

"ನೋಡಲೇ ಸೈಫು! ಹದಿನೈದ ವರ್ಷ ಸ್ಟೇರಿಂಗ್ ಹಿಡಿದ ಕೈ ಇದು. ದಣಿವು ನಿನ್ನಂಥ ಕೂಸಿಗೆ!"

"ಕೂಸು ಮಲಗತೈತಿ ಉಸ್ತಾದ. ನೀವು ಆಡ್ರಿ."

ಮತ್ತೆ ಬಿಟ್ಟಳು. ಮತ್ತೆ ಮೂರೇ. ಆದರೆ ಅಪ್ಪನ ಕಣ್ಣು ಒಣಮೆಣಸಿನಕಾಯಿಯಂತೆ ಕೆಂಪಗಿದ್ದವು. ಅಷ್ಟೇ ಅಲ್ಲ, ಅವು ಪಟ್ಟಿಯನ್ನು ನೋಡುತ್ತಲೇ ಇರಲಿಲ್ಲ! ಅವಳ ಬಾಯಿಯನ್ನು ನೋಡುತ್ತಿದ್ದವು. ಪಟ್ಟಿ ಬಿಡುವ ಮುಂಚೆ ಅವಳು ಪ್ರತಿಸಲ ತುಟಿ ಕಚ್ಚುತ್ತಿದ್ದಳು.

"ಕಳ್ಳಾಟ ಆಡ್ತಿ ಯಪ್ಪಾ! ನನ್ನ ತುಟಿ ನೋಡ್ತಿ!"

"ಕಳ್ಳಾಟ ಅಲ್ಲವ್ವಾ, ಅನುಭವ. ರಸ್ತೆದಾಗೂ ಹಿಂಗ. ಎಮ್ಮಿ ಕಿವಿ ಅಲಗಿತಂದ್ರ ಅಡ್ಡ ಬರತೈತಂತ ನನಗ ಮೊದಲ ತಿಳೀತೈತಿ."

ಹೊಳೆವ್ವ ಮುಖ ಅತ್ತ ತಿರುಗಿಸಿದಳು. "ಈಗ ಹಿಡಿ."

ಪಟ್ಟಿ ಸುಯ್ಯೆಂದು ಜಾರಿ ನೆಲಕ್ಕೆ ಬಿತ್ತು. ಬಿದ್ದ ಮೇಲೆ ಬೀರಣ್ಣನ ಬೆರಳು ಕೂಡಿದವು.

"ಇನ್ನೊಮ್ಮೆ!"

ಮತ್ತೆ ನೆಲ. ಸೈಫುದ್ದೀನ ಎದ್ದು ಕೂತ. ನಗಲಿಲ್ಲ.

"ಎಮ್ಮಿ ಕಿವಿ ಅಲಗಿಸಲಾರದ ಬಂದ್ರ, ಯಪ್ಪಾ?"

ಬೀರಣ್ಣ ಬಿದ್ದ ಪಟ್ಟಿಯನ್ನೇ ನೋಡಿದ. ಆಮೇಲೆ, ಎಂಜಿನ್ ತಿರುವಿ ಲಾರಿ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲನ್ನು ಮಗಳ ಕೈಗೆ ಕೊಟ್ಟ. "ಸರೀಲೇ ಆಕಡೆ" ಎಂದು ಸೈಫುದ್ದೀನನ ಪಕ್ಕದಲ್ಲೇ ಉರುಳಿಕೊಂಡ.

ಸ್ವಲ್ಪ ಹೊತ್ತಿಗೆ ಲಾರಿ ಮಾಲಕ ಹಣಮಂತರಾಯರು ಬಂದು ಬಾನೆಟ್ ಮುಟ್ಟಿ ನೋಡಿದರು.

"ಎಂಜಿನ್ ಆರೇತಲ್ಲ! ಏ ಬೀರಣ್ಣ!"

ಹೊಳೆವ್ವ ಹ್ಯಾಂಡಲಿನ ಮೇಲೆ ಗಟ್ಟಿಯಾಗಿ ಕೂತಳು.

"ಒದರಬ್ಯಾಡ್ರಿ. ಲಾರಿ ಆರೇತ್ರಿ. ನಮ್ಮಪ್ಪ ಇನ್ನೂ ಆರಿಲ್ರಿ."

ಎರಡು ಗೊರಕೆ ಒಟ್ಟಿಗೆ ಕೇಳಿಸಿದವು. ರಾಯರು ಮರದ ಕಟ್ಟೆಯ ಮೇಲೆ ಕೂತರು.

ಹೊಳೆವ್ವ ಅಪ್ಪನ ಕೈ ನೋಡಿದಳು. ನಿದ್ದೆಯಲ್ಲೂ ಬೆರಳುಗಳು ಸ್ಟೇರಿಂಗ್ ಹಿಡಿದಂತೆಯೇ ಮಡಚಿಕೊಂಡಿದ್ದವು. ನೋಡುತ್ತಾ ಇದ್ದಂತೆ, ಒಂದೊಂದಾಗಿ, ಅವು ಸಡಿಲಾದವು.